ಎರೆಮಣ್ಣಿನ ಏಷ್ಯಾ

ಬೆಳಿಗ್ಗೆ ನಮ್ಮ ಬೀದಿಯಲ್ಲಿ ಯಾರದೋ ಹಿತ್ತಲಗೋಡೆಗೆ ಮಣ್ಣು ಮೆತ್ತುತ್ತಿದ್ದರು. ಹೊಟ್ಟು ಹಾಕಿ ಕೊಳೆಸಿದ ಮಣ್ಣಿನ ಹುಳಿವಾಸನೆ ಅಡುಗೆಮನೆಯವರೆಗೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಹಿಮಾಲಯ ನೆನಪಾಯಿತು.

ನಗಬೇಡಿ. ನಾನು ಹಿಮಾಲಯ ಕಂಡವಳಲ್ಲ. ಬಳ್ಳಾರಿಯ ಕೋಟೆಗುಡ್ಡ ಹತ್ತಿದರೇ ಎರಡು ದಿನ ಮೊಣಕಾಲು ಹಿಡಿಯುತ್ತದೆ. ಆದರೂ ಇಪ್ಪತ್ತೈದು ವರ್ಷಗಳಿಂದ ಹುಡುಗಿಯರಿಗೆ ಏಷ್ಯಾ ಖಂಡ ಕಲಿಸುತ್ತ ಅನ್ನ ತಿಂದಿದ್ದೇನೆ. ಆ ಖಂಡವನ್ನು ನಾನು ಕಲಿತದ್ದು ಸಿರುಗುಪ್ಪದ ಸಾಲೆಯಲ್ಲಿ, ನಮ್ಮ ಜಿಲ್ಲೆ ಇನ್ನೂ ಮದರಾಸಿನ ಕೆಳಗಿದ್ದಾಗ.

ಭೂಗೋಳ ಹೇಳುತ್ತಿದ್ದ ಟೀಚರಮ್ಮ ಕುರುಗೋಡಿನ ಬಂಡೆಗುಡ್ಡಗಳ ನಡುವೆ, ಕೆಮ್ಮಣ್ಣಿನಲ್ಲಿ ಬೆಳೆದವರು. ಇನ್‌ಸ್ಪೆಕ್ಟರು ಬರುತ್ತಾರೆ, ಒಬ್ಬ ಹುಡುಗಿಯನ್ನು ಬಳ್ಳಾರಿಯ ಹಾಸ್ಟೆಲ್ಲಿಗೆ ಆರಿಸುತ್ತಾರೆ ಎಂದು ಸುದ್ದಿ ಬಂದಾಗ, ಅಂಗಳದಲ್ಲಿ ಏಷ್ಯಾದ ಮಣ್ಣಿನ ನಕ್ಷೆ ಮಾಡಿಸಲು ಹೊರಟರು. ಹೊಲದ ಕಪ್ಪು ಎರೆಮಣ್ಣು ಬೆಣ್ಣೆಯಂತೆ ಕೈಗೆ ಬರುವುದನ್ನು ಕಂಡು ಅವರಿಗೆ ಹಿಗ್ಗೋ ಹಿಗ್ಗು.

ಹುಲಿಗೆಮ್ಮ ಒಬ್ಬಳೇ ಅಡ್ಡ ತಲೆಯಾಡಿಸಿದಳು. ಹೊಲೆಗೇರಿಯ ಹುಡುಗಿ, ತರಗತಿಯ ಬಾಗಿಲಾಚೆ ಬೇರೆ ಕೂರುತ್ತಿದ್ದಳು. ಅವಳ ತಾಯಿ ಊರವರ ಗೋಡೆ, ಮಾಳಿಗೆ ಮೆತ್ತುವವಳು.

"ಎರಿಮಣ್ಣು ಒಣಗಿದ್ರ ಬಿರಿತೈತ್ರಿ ಟೀಚರಮ್ಮ. ಹೊಟ್ಟು ಹಾಕಿ ಮೂರು ದಿನ ಕೊಳಿಸ್ಬೇಕ್ರಿ."

"ನಮ್ಮ ಕುರುಗೋಡಾಗ ಮಣ್ಣು ಬಿರಿದಿದ್ದು ನಾ ನೋಡಿಲ್ಲ. ಸುಮ್ಕಿರು ಪಂಡಿತಿ."

ಎರಡೇ ದಿನದ ಬಿಸಿಲಿಗೆ ಹಿಮಾಲಯ ಮೂರು ತುಂಡಾಯಿತು. ಚೀನಾದ ಬಿರುಕಿನಲ್ಲಿ ನನ್ನ ಬೆರಳು ಪೂರಾ ಇಳಿಯುತ್ತಿತ್ತು. ಟೀಚರಮ್ಮ ಹುಲಿಗೆಮ್ಮನನ್ನು ಕರೆದರು. ಆ ಒಂದು ವಾರ ಯಾರಿಗೂ ಮೈಲಿಗೆಯ ನೆನಪಾಗಲಿಲ್ಲ. ಅವಳು ಹೊಟ್ಟು ತಂದಳು, ಮಣ್ಣು ತುಳಿದಳು, ಬೆಟ್ಟಗಳನ್ನು ತಟ್ಟಿದಳು. ನಾನು ನೀರು ಹೊತ್ತೆ, ಅಷ್ಟೆ. ಕೊನೆಗೆ, ಜನ ದಟ್ಟವಾಗಿರುವ ಕಡೆ ನೆಲ್ಲಿನ ಕಾಳು ಚುಚ್ಚಬೇಕಿತ್ತು. ಗಂಗೆಯ ಬಯಲಿಗೆ ಹಿಡಿ ಹಿಡಿ, ಗೋಬಿ ಮರುಭೂಮಿಗೆ ಒಂದೋ ಎರಡೋ.

"ನಮ್ಮ ಕೇರಿಗೆ ಎಷ್ಟು ಚುಚ್ಲಿ, ಹೇಳವ್ವಾ?" ಎಂದಳು ಹುಲಿಗೆಮ್ಮ.

"ನಿಮ್ಮ ಕೇರಿ ಇದ್ರಾಗ ಕಾಣಂಗಿಲ್ಲ," ಎಂದೆ.

"ಇದ್ರಾಗೂ ಇಲ್ಲೇನು?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಬಳ್ಳಾರಿ ಹಾಸ್ಟೆಲ್‌ನಾಗ ಎಲ್ಲಾರ್ನೂ ಒಳಗ ಕುಂದ್ರಿಸ್ತಾರಂತ. ಖರೇ ಏನು?" ಎಂದು ಕೇಳಿದಳು.

ಇನ್‌ಸ್ಪೆಕ್ಟರು ಬಂದ ದಿನ ಅವರಿಗೆಂದು ಉಪ್ಪಿಟ್ಟು, ಕಾಫಿ ಸಾಲೆಯಲ್ಲೇ ಆಯಿತು. "ಸಾಹೇಬ್ರು ಹೋಗೋತನ ಗೋಡಿ ಆಚೆ ಕುಂದ್ರವ್ವ," ಎಂದರು ಟೀಚರಮ್ಮ, ಮುಖ ನೋಡದೆ. ಹುಲಿಗೆಮ್ಮ ಹೋದಳು. ಇನ್‌ಸ್ಪೆಕ್ಟರು ಬೆತ್ತದ ತುದಿಯಿಂದ ಹಿಮಾಲಯವನ್ನು ಕುಟ್ಟಿ ನೋಡಿದರು. ಒಂದು ಚೂರೂ ಉದುರಲಿಲ್ಲ. "ಎವರು ಚೇಸಾರು?" ಎಂದು ತೆಲುಗಿನಲ್ಲೇ ಕೇಳಿದರು, ಯಾರು ಮಾಡಿದ್ದೆಂದು. ಟೀಚರಮ್ಮ ನನ್ನತ್ತ ನೋಡಿದರು.

"ನಾನ್ರಿ," ಎಂದೆ.

"ಎರೆಮಣ್ಣು ಬಿರಿಯಬೇಕಲ್ಲ?" ಎಂದರು ಇನ್‌ಸ್ಪೆಕ್ಟರು.

"ಹೊಟ್ಟು ಹಾಕಿ ಮೂರು ದಿನ ಕೊಳಿಸ್ಬೇಕ್ರಿ."

ಅವರು ನನ್ನ ಹೆಸರು ಬರೆದುಕೊಂಡರು. ಟೀಚರಮ್ಮ ನೋಡಿದ್ದಕ್ಕೆ ಹೇಳಿದೆ, ಹದಿಮೂರು ವರ್ಷದವಳು, ಹೆದರಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಹಾಸ್ಟೆಲ್ ನನಗೂ ಬೇಕಿತ್ತು.

ಸಂಜೆ ಗೋಡೆಯಾಚೆ ಹುಲಿಗೆಮ್ಮ ಲಂಗದ ಮಣ್ಣು ಕೊಡವುತ್ತ ನಿಂತಿದ್ದಳು.

"ಚಲೋ ಹೇಳಿದಿ ಬಿಡು. ಒಂದು ಮಾತೂ ತಪ್ಪಲಿಲ್ಲ."

ಮರುವಾರದಿಂದ ಅವಳು ಸಾಲೆಗೆ ಬರಲಿಲ್ಲ. ತಾಯಿಯ ಜೊತೆ ಗೋಡೆ ಮೆತ್ತಲು ಹೋದಳೆಂದು ಕೇಳಿದೆ. ನಾನು ಬಳ್ಳಾರಿಗೆ ಬಂದೆ. ಹಾಸ್ಟೆಲ್ಲಿನಲ್ಲಿ ಎಲ್ಲರನ್ನೂ ಒಳಗೇ ಕೂರಿಸುತ್ತಿದ್ದರು.

ಪ್ರತಿ ವರ್ಷ ಮಕ್ಕಳಿಂದ ಮಣ್ಣಿನ ಏಷ್ಯಾ ಮಾಡಿಸುತ್ತೇನೆ. ಹೊಟ್ಟಿನ ಉಪಾಯ ಯಾರು ಕಲಿಸಿದರೆಂದು ಕೇಳಿದರೆ, "ನಮ್ಮ ಟೀಚರು" ಎನ್ನುತ್ತಿದ್ದೆ. ಇವತ್ತು ಮಧ್ಯಾಹ್ನ ಮೊದಲ ಸಲ ಹುಲಿಗೆಮ್ಮನ ಹೆಸರು ಹೇಳಿದೆ. ನಾನು ಮಾಡಿದ್ದನ್ನೂ ಹೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಅವ್ರು ಈಗ ಎಲ್ಲದಾರ್ರಿ ಟೀಚರ್?"

"ಗೊತ್ತಿಲ್ಲವ್ವ."

"ಯಾಕ್ರಿ? ಸಿರುಗುಪ್ಪಕ್ಕ ದಿನಾ ಬಸ್ ಅದಾವಲ್ರಿ."