ಕೌದಿಯ ನಾಲ್ಕನೇ ಮೂಲೆ

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಫ್ಲಾಟಿನಲ್ಲಿ ಕೂತು, ಗೆಳತಿ ಕೊಟ್ಟ ಕೌದಿಯ ಮೂಲೆಯನ್ನು ನನ್ನ ಕೈಯಿಂದಲೇ ಕತ್ತರಿಸಿದೆ. ಕತ್ತರಿ ಚೂಪಾಗಿತ್ತು.

ಹೋದ ವಾರ ಮೊಮ್ಮಗಳು ತನ್ವಿ, "ಅಜ್ಜಿ, ಈ ಹಳೇದೆಲ್ಲಾ ತಗೀರಿ, ನನಗ ಕ್ರಿಕೆಟ್ ಪೋಸ್ಟರ್ ಬೇಕು" ಅಂದಳು. ಅವಳ ಕೋಣೆಯ ಗೋಡೆಯಿಂದ ಎಲ್ಲ ಇಳಿಸಿದ್ದಾಯಿತು. ಕೌದಿ ಎಲ್ಲಿಡಲಿ ಅಂತ ಸೊಸೆ ನನ್ನನ್ನು ಕೇಳಿದಳು. ಇನ್ನೂ ಉತ್ತರ ಕೊಟ್ಟಿಲ್ಲ. ಅದಕ್ಕೇ ಈ ವಾರ ಇದನ್ನು ಬರೆಯುತ್ತಿದ್ದೇನೆ.

ತನ್ವಿಗೆ ಆರು ತುಂಬಿದಾಗ ಅವಳಿಗೇ ಅಂತ ಒಂದು ಖೋಲಿ ಬಂತು. (ನಾವು ಎಂಟು ಜನ ಒಂದೇ ಪಡಸಾಲೆಯಲ್ಲಿ ಮಲಗಿ ಬೆಳೆದವರು. ಇರಲಿ.) ಸೊಸೆ ವೈಶಾಲಿಗೆ ಅದನ್ನು ವಿಂಟೇಜ್ ಮಾಡುವ ಹುಚ್ಚು ಹತ್ತಿತು. ಹಾಗಂದರೇನು ಅಂತ ಕೇಳಿದೆ.

"ಆಯೀ, ನಿಮ್ಮ ಟೈಮಿಂದು."

"ಹಂಗಾರ ನನ್ನ ಯಾವ ಗ್ವಾಡಿಗೆ ತೂಗ ಹಾಕ್ತಿ?"

ನಕ್ಕಳು. ನಾನೂ ನಕ್ಕೆ.

ಅಕ್ಕಲಕೋಟದ ಸಂತೆಯಲ್ಲಿ ಹಳೇ ಸಾಮಾನು ಮಾರುವವನ ಹತ್ತಿರ ಕಂದೀಲು ಸಿಕ್ಕಿತು. ಒಳಗೆ ಬಲ್ಬು ಬಂತು. ಜೋಳ ಅಳೆಯುವ ಸೇರಿನಲ್ಲಿ ಬಣ್ಣದ ಪೆನ್ಸಿಲ್ ನಿಂತವು. ಎತ್ತಿನ ಕೊರಳಿನ ಗಂಟೆ ಕಿಟಕಿಗೆ ಹತ್ತಿತು. ಆರಿಸಿ ಕೊಟ್ಟವಳು ನಾನೇ. ಯಾವ ಹಿತ್ತಾಳೆ ಗಟ್ಟಿ, ಯಾವುದು ಪೊಳ್ಳು ಅಂತ ಸೊಸೆಗೇನು ಗೊತ್ತು? "ಆಯೀ ಎಕ್ಸ್‌ಪರ್ಟ್" ಅಂದಳು. ತಲೆಗೆ ಏರಿತು. ಸುಳ್ಳು ಯಾಕೆ ಹೇಳಲಿ?

ಕೊನೆಗೆ ಗೋಡೆಗೆ ಹಾಕಲು ಒಂದು ಹಳೇ ಕೌದಿ ಬೇಕು ಅಂದಳು. ಸಂತೆಯಲ್ಲಿ ಇದ್ದವೆಲ್ಲ ಮಷಿನ್ ಹೊಲಿಗೆಯವು. ಆಗ ನನಗೆ ಕಂದಲಗಾಂವದ ಬೀರವ್ವ ನೆನಪಾದಳು.

ಬೀರವ್ವ ಮತ್ತು ನಾನು ಸಣ್ಣವರಿದ್ದಾಗ ಕೂಡಿ ಕುರಿ ಕಾದವರು. ತನ್ನ ಮಗಳನ್ನು ದುಧನಿ ಊರಿಗೆ ಮದುವೆ ಮಾಡಿ ಕೊಟ್ಟಾಗ, ಮುಂದೆ ಹುಟ್ಟುವ ಮೊಮ್ಮಗುವಿಗೆ ಅಂತ ಬೀರವ್ವ ಒಂದು ಕೌದಿ ಹೊಲಿದಿದ್ದಳು. ತನ್ನ ಅವ್ವನ ಇಳಕಲ್ ಸೀರೆ, ಗಂಡನ ಧೋತರ, ಮಗಳ ಸಣ್ಣಂದಿನ ಲಂಗ, ಎಲ್ಲ ಅದರಲ್ಲಿದ್ದವು. ಮೂರು ಮೂಲೆ ಮುಗಿಸಿ ನಾಲ್ಕನೆಯದನ್ನು ಹಾಗೇ ಬಿಟ್ಟಿದ್ದಳು.

ಯಾಕೆ ಅಂದರೆ, ನಮ್ಮಲ್ಲಿ ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೆ ಒಂದು ಚೂರು ಚಪಾತಿ, ಚಿಟಿಕೆ ಸಕ್ಕರೆ ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತ. ಹಸಿದ ಕೌದಿಯನ್ನು ಯಾರಿಗೂ ಹೊದಿಸುವುದಿಲ್ಲ. ಕೂಸು ಹುಟ್ಟಿದ ದಿನ ತುಂಬಿಸಿದರಾಯಿತು ಅಂತ ಬೀರವ್ವ ಕಾದಳು. ಕೂಸು ಹುಟ್ಟಲಿಲ್ಲ. ಹದಿನಾರು ವರ್ಷ ಕೌದಿ ಟ್ರಂಕಿನಲ್ಲಿ ಹಸಿದು ಕೂತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಹೋಗಿ ಕೇಳಿದೆ.

"ಯಾರಿಗೆ ಬೇಕಾಗೈತಿ?"

"ತನ್ವಿಗೆ."

"ಹೊದಕೊಳ್ಳಾಕ?"

ಗೋಡೆಗೆ ಅನ್ನಬೇಕಿತ್ತು. ಮೂರು ಅಕ್ಷರ. "ಹೂಂ" ಅಂದೆ.

ಬೀರವ್ವ ಎದ್ದು ಒಳಗೆ ಹೋದಳು. ಬುಟ್ಟಿಯಲ್ಲಿ ಬರೀ ರೊಟ್ಟಿ ಇತ್ತು. ಗೋದಿ ಹಿಟ್ಟು ಕಲಸಿ ಒಂದೇ ಒಂದು ಚಪಾತಿ ಬೇಯಿಸಿದಳು. ಚೂರು ಮುರಿದು ಸಕ್ಕರೆಯ ಜೊತೆ ಮೂಲೆಯೊಳಗಿಟ್ಟಳು. ಅವಳಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ, ದಾರ ನಾನೇ ಪೋಣಿಸಿ ಕೊಟ್ಟೆ.

"ಉಣ್ಣವ್ವಾ, ಭಾಳ ದಿನಾ ಕಾದಿ" ಅಂತ ಕೌದಿಗೆ ಹೇಳಿ ಹೊಲಿದು ಮುಗಿಸಿದಳು. ಉಳಿದ ಚಪಾತಿ ನನ್ನ ಕೈಯಲ್ಲಿಟ್ಟಳು. ತಿಂದೆ.

ಫ್ಲಾಟಿಗೆ ತಂದು ಗೋಡೆಗೆ ಹಾಕಿ ಎಂಟು ದಿನ ಆಗಿರಲಿಲ್ಲ, ಇರುವೆ ಬಂದವು. ಸಾಲು ಹಿಡಿದು ನೇರ ಆ ಮೂಲೆಗೇ.

"ಆಯೀ, ಬೇಡ ಬಿಡ್ರಿ. ವಾಪಸ್ ಕೊಡೋಣ" ಅಂದಳು ವೈಶಾಲಿ. (ಇದನ್ನು ಬರೆಯಲೇಬೇಕು. ತಪ್ಪನ್ನು ಸೊಸೆಯ ಮೇಲೆ ಹಾಕಿದ್ದರೆ ನೀವು ನಂಬುತ್ತಿದ್ದಿರಿ.)

"ವಾಪಸ್ ಕೊಡೂದೇನ ಬಂತು? ಒಂದ ಮೂಲಿ ಹೌದಿಲ್ಲೋ?" ಅಂದವಳು ನಾನು. ಕತ್ತರಿಸಿ, ತುಂಡನ್ನು ಕಸದ ಡಬ್ಬಿಗೆ ಹಾಕಿದೆ. ಆಮೇಲೆ ಕೌದಿಗೆ ಫ್ರೇಮು, ಗಾಜು ಹಾಕಿಸಿದೆವು. ಕತ್ತರಿಸಿದ ಜಾಗ ಬೋಳು ಕಾಣಬಾರದು ಅಂತ ಅಲ್ಲಿ ಒಂದು ಕಾಗದದ ಚಿಟ್ಟೆ ಅಂಟಿಸಿದೆವು. ಚೆಂದ ಕಂಡಿತು. ಬಂದವರೆಲ್ಲ ಫೋಟೋ ತೆಗೆದರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬೀರವ್ವ ಬಂದಳು. ಸೊಲ್ಲಾಪುರದಲ್ಲೇ ಕಣ್ಣಿನ ಆಪರೇಶನ್ ಆಗಿ ಪಟ್ಟಿ ಬಿಚ್ಚಿದ್ದರು. ಎಲ್ಲ ನಿಚ್ಚಳ ಕಾಣುತ್ತಿತ್ತು ಅವಳಿಗೆ.

"ಏ ಶಾಂತಿ, ಕೂಸಿನ ಖೋಲಿ ತೋರಸ. ಕೌದಿ ಹೊದ್ದು ಮಲಗಿದ್ದು ನೋಡಿ ಬಸ್ಸಿಗೆ ಹೋಕ್ಕೀನಿ."

ಬಾಗಿಲು ತೆರೆದೆ.

ತನ್ವಿ ಶಾಲೆಯಿಂದ ಬಂದು ಮಲಗಿದ್ದಳು. ಮೈಮೇಲೆ ಬೆಕ್ಕಿನ ಚಿತ್ರದ ಬ್ಲ್ಯಾಂಕೆಟ್ಟು. ಬೀರವ್ವ ಹಾಸಿಗೆ ನೋಡಿದಳು. ಆಮೇಲೆ ಗೋಡೆ ನೋಡಿದಳು. ಹತ್ತಿರ ಹೋಗಿ ಒಂದೊಂದೇ ಮೂಲೆಯ ಮೇಲೆ ಬೆರಳಿಟ್ಟಳು. ಒಂದು, ಎರಡು, ಮೂರು. ಚಿಟ್ಟೆಯ ಮೇಲೆ ಬೆರಳು ನಿಂತಿತು.

"ಇಲ್ಲಿದು ಎಲ್ಲೈತಿ?"

"ಇರುವಿ ಹತ್ತಿದ್ವು. ಕತ್ತರಿಸಿದೆ."

ಚಿಟ್ಟೆಯ ಮೇಲಿಂದ ಬೆರಳು ತೆಗೆದಳು.

"ಹೋಗ್ಲಿ ಬಿಡು. ಇರುವಿಯಾದ್ರೂ ಉಂಡ್ವಲ್ಲ."

ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಬೈಯಲಿಲ್ಲ. ಬ್ಲ್ಯಾಂಕೆಟ್ಟು ಸರಿಸಿ ತನ್ವಿಯ ಕಾಲು ಮುಚ್ಚಿದಳು. ಕೊಟ್ಟ ಚಹಾ ಪೂರ್ತಿ ಕುಡಿದಳು. ಹೋದಳು.

ಈಗಲೂ ಮದುವೆ ಮುಂಜಿಯಲ್ಲಿ ಸಿಗುತ್ತಾಳೆ. "ಅರಾಮ ಏನ್ರಿ, ಶಾಂತಾಬಾಯಿ?" ಅನ್ನುತ್ತಾಳೆ. ಹುಟ್ಟಿದಾಗಿನಿಂದ ಏ ಶಾಂತಿ ಅಂದವಳು.

ಹೋಗಿ ಕ್ಷಮೆ ಕೇಳಬಾರದೇ ಅಂತ ನೀವು ಅನ್ನಬಹುದು. ಯಾವುದಕ್ಕೆ ಕೇಳಲಿ? ಕತ್ತರಿಸಿದ್ದಕ್ಕೋ, ಅಂದು ಹೂಂ ಅಂದದ್ದಕ್ಕೋ? ಕೇಳುವುದಿದ್ದರೆ ಅವಳು ಬಂದು ಹೋದ ಮರುದಿನವೇ ಕೇಳಬೇಕಿತ್ತು. ಕಂದಲಗಾಂವಕ್ಕೆ ಬಸ್ಸಿಗೇನು ಬರವೇ?

ಆ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಮೇಲೆ ಅವಳ ಬೆರಳಿನ ನಾಲ್ಕು ಗುರುತು ಹಾಗೇ ಇದ್ದವು. ಒದ್ದೆ ಬಟ್ಟೆ ತಂದು ಒರೆಸಿ ಹಾಕಿದೆ.