ಪಕ್ಕದ ಸೀಟಿನ ಅಂಕಲ್

ಇವತ್ತು ಗರಾಜಿನಲ್ಲಿ ನೆಂದ ರಟ್ಟಿನ ಡಬ್ಬವೊಂದನ್ನು ಎತ್ತಿದಾಗ ಅದರ ವಾಸನೆ ಮೂಗಿಗೆ ಬಡಿಯಿತು. ನಿಮಗದು ಕಸದ ವಾಸನೆ. ನನಗೆ ಕೆರೋಲೈನಾದ ಒಂದು ಮಧ್ಯಾಹ್ನ.

ಕೋವಿಡ್ ಕೊಂಚ ಇಳಿದಿದ್ದ ವಸಂತವದು. ಆಶ್‌ಬರ್ನಿನ ಮನೆಯಲ್ಲಿ ವರ್ಷವಿಡೀ ಗಂಡ, ಮಕ್ಕಳು, ಮೀಟಿಂಗುಗಳ ನಡುವೆ ಬೆಂದಿದ್ದ ನಾನು ಒಬ್ಬಳೇ ಅಟ್ಲಾಂಟಾಗೆ ಕಾರು ಹೊರಡಿಸಿದ್ದೆ. ದಾರಿಯುದ್ದಕ್ಕೂ ಸಿಕ್ಕ ಊರುಗಳಲ್ಲಿ ಬೇಸ್‌ಬಾಲ್ ಮ್ಯಾಚು, ಸಂಗೀತ ಕಛೇರಿ. ಆ ಆಟ ನನಗೆ ಇಂದಿಗೂ ಪೂರ್ತಿ ತಿಳಿಯದು. ಔಟಾದವನಿಗೂ ಚಪ್ಪಾಳೆ ತಟ್ಟುವವಳು ನಾನು.

ಕೆರೋಲೈನಾದಲ್ಲಿ ಹೊಕ್ಕ ಒಂದು ಕಾಲೇಜು ಮೈದಾನದಲ್ಲಿ ಕೋವಿಡ್ ನಿಯಮದಿಂದಾಗಿ ಜನ ವಿರಳ. ಉಳಿದ ಕುರ್ಚಿಗಳಲ್ಲಿ ಅಭಿಮಾನಿಗಳು ಕಳಿಸಿದ ಫೋಟೊಗಳ, ಮಳೆಗೆ ನೆಂದು ವಾಸನೆ ಬೀರುವ ರಟ್ಟಿನ ಕಟೌಟುಗಳು. ನಮ್ಮೂರಿನ ಕಟೌಟು ಅರವತ್ತು ಅಡಿ, ಹೂಮಾಲೆ, ಹಾಲಿನ ಅಭಿಷೇಕ. ಇವು ನಮ್ಮಷ್ಟೇ ಎತ್ತರ, ಹೆದರಿಕೆಯಾದದ್ದೇ ಅದಕ್ಕೆ. ನನ್ನ ಪಕ್ಕದಲ್ಲಿ ಟೋಪಿ ಹಾಕಿದ, ನಮ್ಮವರಂತೆಯೇ ಕಾಣುವ ಹಿರಿಯರೊಬ್ಬರ ಕಟೌಟು. ಧೈರ್ಯಕ್ಕೆಂದು ತಮಾಷೆ ಮಾಡಿದೆ: "ಅಂಕಲ್, ಸ್ವಲ್ಪ ಜರುಗ್ತೀರಾ?"

"ಅವರಿಗೆ ಎಡಗಿವಿ ಕೇಳ್ಸಲ್ಲಮ್ಮ. ಆ ಕಡೆಯಿಂದ ಹೇಳು."

ಬೆಚ್ಚಿ ತಿರುಗಿದೆ. ಹಿಂದಿನ ಸಾಲಿನಲ್ಲಿ ಸೀರೆಯ ಮೇಲೆ ಸ್ವೆಟರ್ ತೊಟ್ಟ ಆಂಟಿಯೊಬ್ಬರು ಕೂತಿದ್ದರು. ಕಟೌಟು ಅವರ ಯಜಮಾನರದು.

"ಫೋಟೊ ಕಳ್ಸಿದ್ರು. ಸೀಸನ್ ಶುರು ಆಗೋದ್ರೊಳಗೆ ಹೋಗ್ಬಿಟ್ರು. ಆದ್ರೂ ಒಂದು ಮ್ಯಾಚೂ ಮಿಸ್ ಮಾಡಿಲ್ಲ ನೋಡು. ಇವತ್ತು ಕೊನೇ ಮ್ಯಾಚು, ಎಲ್ಲಾ ತೆಗೆದು ಎಸೀತಾರಂತೆ. ಮನೆಗೆ ಕರ್ಕೊಂಡು ಹೋಗ್ತೀನಿ. ಮಗಳು ಮಾತ್ರ, ಅಮ್ಮ ಇದು ಹುಚ್ಚು, ನಾನು ಬರಲ್ಲ ಅಂದ್ಬಿಟ್ಳು."

ಆಟ ಮುಗಿದು ಕಾಲೇಜಿನ ಬ್ಯಾಂಡು ನುಡಿಸತೊಡಗಿತು. ಗಾಳಿಯೆದ್ದಿತು. ಸಾಲು ಸಾಲು ರಟ್ಟಿನ ತಲೆಗಳು ಒಟ್ಟಿಗೇ ತೂಗಿದವು. ಅಂಕಲ್ ಮಾತ್ರ ಒಂದು ಕ್ಷಣ ತಡವಾಗಿ.

"ಯಾವಾಗ್ಲೂ ತಾಳ ತಪ್ಪೋರು," ಎಂದರು ಆಂಟಿ.

ಅವರಿಬ್ಬರನ್ನೂ ಬಿಟ್ಟು ಬರಲು ಮನಸ್ಸಾಗಲಿಲ್ಲ. ಅಂಕಲನ್ನು ನನ್ನ ಕಾರಿನ ಮುಂದಿನ ಸೀಟಿಗೆ ಒರಗಿಸಿದೆ. ಆಂಟಿ ಹಿಂದೆ ಕೂತರು. ಮೈದಾನದ ಗೇಟು ದಾಟುವಷ್ಟರಲ್ಲಿ ಕಾರು ಕೂಗತೊಡಗಿತು: ಪಕ್ಕದವರು ಬೆಲ್ಟ್ ಹಾಕಿಲ್ಲ. ಸೀಟಿನ ಮೇಲೆ ಆಳಿನ ಭಾರ ಬಿದ್ದರಷ್ಟೇ ಅದು ಕೂಗುವುದು. ಒಂದು ಹಾಳೆ ರಟ್ಟಿಗೆ ಎಷ್ಟು ಭಾರವಿದ್ದೀತು, ನೀವೇ ಹೇಳಿ.

"ಹಾಕಮ್ಮ ಅವರಿಗೆ," ಎಂದರು ಆಂಟಿ, ಮೆಲ್ಲಗೆ.

ಕಾರು ನಿಲ್ಲಿಸಿ ಬೆಲ್ಟ್ ಹಾಕಿದೆ. ಕೂಗು ನಿಂತಿತು. ಆಂಟಿ ಹೇಳಿದ ದಾರಿ ಹಿಡಿದು ಮೂವರೂ ಹೊರಟೆವು. ಅವರ ಮನೆ ತಲುಪಿದಾಗ ಬಾಗಿಲು ತೆರೆದ ಮಗಳು, ಬಯ್ಯಲು ಬಂದವಳು, ಅಪ್ಪನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಈಗಲೂ ವಸಂತ ಬಂದರೆ ಒಬ್ಬಳೇ ಮ್ಯಾಚಿಗೆ ಹೋಗುತ್ತೇನೆ. ಖಾಲಿ ಕುರ್ಚಿಯ ಮೇಲೆ ಬ್ಯಾಗಿಡುವ ಮುಂಚೆ, "ಯಾರಾದ್ರೂ ಇದೀರಾ?" ಎಂದು ಕೇಳುವುದು ಅಭ್ಯಾಸವಾಗಿದೆ. ಇದುವರೆಗೆ ಉತ್ತರ ಬಂದಿಲ್ಲ. ಆದರೂ ಸ್ವಲ್ಪ ಹೊತ್ತು ಕಾಯುತ್ತೇನೆ.