ಸದ್ದು ಮಾಡುವ ಅಂಗೈ

ಆಶಾನ್ ಕೈಮುಗಿದರೆ ಸದ್ದು ಕೇಳಿಸುತ್ತಿತ್ತು. ಉತ್ಪ್ರೇಕ್ಷೆಯಲ್ಲ. ಬೆರಳುಗಳ ಬುಡದಲ್ಲಿ ಕೈಗೆ ನಾಲ್ಕರಂತೆ ಎಂಟು ಜಡ್ಡುಗಳು, ಒಂದೊಂದೂ ಹುಣಸೆಬೀಜದಷ್ಟು ಗಟ್ಟಿ. ಮೆಲ್ಲಗೆ ಕೈಮುಗಿಯುವ ಅಭ್ಯಾಸವೂ ಅವರಿಗಿರಲಿಲ್ಲ. ಯಾರೇ ಬರಲಿ, ದೂರದಿಂದಲೇ ತೋಳು ಅಗಲಿಸಿ ಟಕ್ಕೆಂದು ಜೋಡಿಸುವುದು. ಮೊದಲ ಸಲ ಅವರ ಜಿಮ್ಮಿನ ಬಾಗಿಲಲ್ಲಿ ನಿಂತಾಗ ಆ ನಮಸ್ಕಾರಕ್ಕೇ ಬೆಚ್ಚಿ ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ.

ಆಶಾನ್ ಎಂದರೆ ಮಲಯಾಳದಲ್ಲಿ ಗುರು. ಅವರ ಮನೆಮಾತು ತುಳು, ನಮ್ಮ ಹತ್ತಿರ ಆಡುವುದು ಕನ್ನಡ. ಆದರೂ ಜಿಮ್ಮಿಗೆ ಬರುವವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಹರೆಯದಿಂದ ಅವರು ಕಾಸರಗೋಡು ಜಿಲ್ಲೆಯಲ್ಲಿ ನಮ್ಮ ಮೀಂಜದ ಕಡೆಯ ಪೇಟೆಯಲ್ಲಿ ಹೊರೆ ಹೊರುವ ಕಾರ್ಮಿಕರು. ನೀಲಿ ಅಂಗಿ ತೊಟ್ಟು ಲಾರಿಯಿಂದ ಸಿಮೆಂಟು, ಅಕ್ಕಿ ಇಳಿಸಿದವರು. ಹಗಲೆಲ್ಲ ಹೊತ್ತದ್ದು ಸಾಲದೆಂದು ಸಂಜೆ ಬಾರ್ಬೆಲ್ ಎತ್ತಲು ಹೋಗುತ್ತಿದ್ದರಂತೆ. ನಿವೃತ್ತಿಯಾದ ಮೇಲೆ, ಇಷ್ಟು ವರ್ಷ ತಾವೇ ಸಿಮೆಂಟು ಹೊತ್ತು ಹಾಕುತ್ತಿದ್ದ ಗೋಡೌನನ್ನು ಬಾಡಿಗೆಗೆ ಹಿಡಿದು ಜಿಮ್ ಮಾಡಿದರು. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಯಾರಾದರೂ ಭಾರವನ್ನು ದೊಪ್ಪೆಂದು ಬಿಟ್ಟರೆ ಗಿರಣಿಯವರು ಧಾನ್ಯ ಅಳೆಯುವ ಸೇರಿನಿಂದ ಗೋಡೆಗೆ ಬಡಿಯುತ್ತಿದ್ದರು. ಆಶಾನ್ ಈಚೆಯಿಂದ ಒಂದು ಬಡಿದು ಕ್ಷಮೆ ಕೇಳುತ್ತಿದ್ದರು.

ನಲವತ್ತಾರು ವರ್ಷದ ಕನ್ನಡ ಶಾಲೆಯ ಟೀಚರಿಗೆ ಅಲ್ಲೇನು ಕೆಲಸ? ಕಾರಣ ನನ್ನ ಅಮ್ಮ. ನಾನು ಮದುವೆಯಾಗಲಿಲ್ಲ, ಮನೆಯಲ್ಲಿ ನಾವಿಬ್ಬರೇ. ಅಮ್ಮನಿಗೆ ಪಾರ್ಶ್ವವಾಯು ಬಂದು ಕಾಲಿನ ಬಲ ಹೋಗಿತ್ತು. ಕೈಗೂ ನಾಲಗೆಗೂ ಏನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುರ್ಚಿಯಿಂದ ಜಾರಿ ಕೆಳಗೆ ಕೂತುಬಿಟ್ಟಳು. ನಾನು ಎಳೆದೆ, ಒದ್ದಾಡಿದೆ, ಒಂದು ಗೇಣು ಮೇಲೆತ್ತಲಾಗಲಿಲ್ಲ. ನೆರೆಮನೆಯವರು ಡೈರಿಗೆ ಹಾಲು ಕೊಟ್ಟು ಬರುವವರೆಗೆ ಮುಕ್ಕಾಲು ಗಂಟೆ ಅವಳು ಒದ್ದೆ ನೆಲದಲ್ಲೇ. ಅಷ್ಟು ಹೊತ್ತೂ ಅವಳೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ನನಗೆ ಅಮ್ಮನನ್ನು ಎತ್ತಬೇಕು," ಎಂದೆ ಆಶಾನರಿಗೆ.

"ಎಷ್ಟು ಕಿಲೊ ಉಂಟು?"

"ಎಪ್ಪತ್ತೆರಡು." ಯಾರಿಗೂ ಹೇಳಬಾರದೆಂದು ಅಮ್ಮ ಆಣೆ ಹಾಕಿಸಿಕೊಂಡಿದ್ದ ಸಂಖ್ಯೆ ಅದು.

ಅವರು ನಗಲಿಲ್ಲ. ತಲೆ ಕೆರೆದುಕೊಂಡು ಲೆಕ್ಕ ಹಾಕಿದರು. "ಜೀವ ಇರುವ ಭಾರ ಕಷ್ಟ ಟೀಚರೇ. ಅದು ಮೈ ಸಡಿಲ ಬಿಡ್ತದೆ, ಹಿಡಿಯಲಿಕ್ಕೆ ಜಾಗ ಕೊಡುದಿಲ್ಲ. ಎಪ್ಪತ್ತೆರಡರ ಅಮ್ಮನಿಗೆ ಕಬ್ಬಿಣ ತೊಂಬತ್ತು ಎತ್ತಬೇಕು." ಎಂದು ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ೯೦ ಎಂದು ಬರೆದರು. ಕೆಳಗೆ 'ಟೀಚರ್' ಎಂದು ಬೇರೆ.

ನಾನು ಪೂರ್ವಸಿದ್ಧತೆ ಇಲ್ಲದೆ ಹೋದವಳಲ್ಲ. ಮೊಬೈಲಿನಲ್ಲಿ ನೋಡಿ ಸೊಂಟಕ್ಕೆ ಒಂದು ಗುಲಾಬಿ ಬಣ್ಣದ ಬೆಲ್ಟು, ಮಣಿಕಟ್ಟಿಗೆ ಕಟ್ಟಿ ಬಾರ್ಬೆಲಿಗೆ ಸುತ್ತುವ ಸ್ಟ್ರ್ಯಾಪು, ಎರಡನ್ನೂ ತರಿಸಿಕೊಂಡಿದ್ದೆ. ಆಶಾನ್ ಎರಡನ್ನೂ ತಿರುಗಿಸಿ ನೋಡಿ, "ಲಾಯ್ಕುಂಟು" ಎಂದು ಹೊಗಳಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಕಪಾಟಿನ ತಲೆಯ ಮೇಲೆ ಏರಿಸಿಬಿಟ್ಟರು. ಮಕ್ಕಳ ಆಟಿಕೆಯನ್ನು ನಾನು ಕ್ಲಾಸಿನಲ್ಲಿ ಕಿತ್ತಿಡುವುದು ಹೀಗೆಯೇ. ನನಗೆ ಸಿಟ್ಟು ಬಂತು.

ಬೆಲ್ಟಿನ ಬದಲಿಗೆ ಸಿಕ್ಕಿದ್ದು ಅವರ ಹೆಗಲ ಮೇಲಿನ ಟವೆಲು, ಬೈರಾಸು. ಲಾರಿ ಇಳಿಸುವಾಗ ಸೊಂಟಕ್ಕೆ ಬಿಗಿಯುತ್ತಿದ್ದ ಅದೇ ಹಳೆಯ ಚೌಕುಳಿ ಬೈರಾಸು. ನನ್ನ ಸೊಂಟಕ್ಕೆ ನಾನೇ ಒಂದು ಸುತ್ತು ಸುತ್ತಿಕೊಳ್ಳಬೇಕು, ಅವರು ಹಿಂದೆ ತೋಳುದ್ದ ದೂರದಲ್ಲಿ ನಿಂತು ಎರಡು ತುದಿಯನ್ನೂ ಎಳೆದು ಹಿಡಿಯುತ್ತಿದ್ದರು.

"ಉಸಿರು ಎದೆಗೆ ಅಲ್ಲ, ಹೊಟ್ಟೆಗೆ. ಸುತ್ತಲೂ ದೂಡಿ. ನನ್ನ ಕೈಗೆ ಗೊತ್ತಾಗಬೇಕು."

ಮೂರು ತಿಂಗಳು ನಾನು ಎತ್ತಿದ್ದಕ್ಕಿಂತ ಊದಿದ್ದೇ ಹೆಚ್ಚು. ಶಾಲೆಯಲ್ಲಿ ಹಾಜರಿ ಕರೆಯುವಾಗಲೂ ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ತಲೆ ಎತ್ತಿ ನೋಡಿದರೆ ಒಂದನೇ ಕ್ಲಾಸಿನ ಅಷ್ಟೂ ಮಕ್ಕಳು ಹೊಟ್ಟೆ ಉಬ್ಬಿಸಿ, ಕೆನ್ನೆ ಉಬ್ಬಿಸಿ, ಉಸಿರು ಕಟ್ಟಿ ಕೂತಿವೆ. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತಿದ್ದರು. ಯೋಗ ಎಂದು ಹೇಳಿ ಪಾರಾದೆ.

ಅರುವತ್ತು ಕಿಲೊ ದಾಟಿದ ದಿನ ಡಬ್ಬಿ ಕೆಳಗಿಳಿಯಿತು. ಬೆಲ್ಟು ಕೊಡುವಾಗ ಆಶಾನರ ಮುಖದಲ್ಲಿ ಪ್ರಸಾದ ಕೊಡುವವರ ಗಾಂಭೀರ್ಯ. ಒಂದು ಬೆರಳು ಒಳಗೆ ಹೋಗಬೇಕು, ಎರಡು ಹೋಗಬಾರದು, ಅಷ್ಟು ಬಿಗಿ. "ಇದು ಬೆನ್ನು ಹಿಡಿಯುವ ಸಾಮಾನು ಅಂತ ಎಲ್ಲರೂ ಗ್ರಹಿಸುದು. ಅಲ್ಲ. ಇದು ಬರೀ ಗೋಡೆ. ದೂಡುದು ನೀವು." ನಿಜವೇ. ಅದನ್ನು ಕಟ್ಟಿ ಹೊಟ್ಟೆಗೆ ಉಸಿರು ತುಂಬಿದಾಗ ನನ್ನ ನಡು ಒಂದು ಕಂಬವಾಗಿಬಿಟ್ಟಿತು. ಇಷ್ಟು ವರ್ಷ ನನ್ನೊಳಗೆ ಇಂಥದ್ದೊಂದು ಕಂಬ ಇತ್ತೆಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಖುಷಿಯಲ್ಲಿ ಕಣ್ಣು ತುಂಬಿ ಬಂತು.

ಸ್ಟ್ರ್ಯಾಪು ಮಾತ್ರ ಡಬ್ಬಿಯಲ್ಲೇ ಉಳಿಯಿತು. ಬೇರೆಯವರು ಕೊನೆಯ ಸುತ್ತುಗಳಿಗೆ ಕಟ್ಟಿಕೊಂಡರೆ ಆಶಾನ್ ಏನೂ ಅನ್ನುತ್ತಿರಲಿಲ್ಲ. ನಾನು ಕೇಳಿದಾಗ ಮಾತ್ರ ಒಂದೇ ಉತ್ತರ: "ಅಮ್ಮ ಬಿದ್ದರೆ, ನೀವು ಡಬ್ಬಿ ತೆಗೆದು ಸ್ಟ್ರ್ಯಾಪು ಕಟ್ಟುವವರೆಗೆ ಕಾಯ್ತಾರಾ? ಕೈಯೇ ಹಿಡಿಯಬೇಕು."

ತೊಂದರೆ ಇದ್ದದ್ದು ಆ ಕೈಯಲ್ಲೇ. ಎಂಬತ್ತು ದಾಟಿದ ಮೇಲೆ ಬೆನ್ನು ಗಟ್ಟಿ, ಕಾಲು ಗಟ್ಟಿ, ಆದರೆ ಬಾರ್ಬೆಲ್ ಮಂಡಿಯವರೆಗೆ ಬಂದು ಬೆರಳುಗಳಿಂದ ಜಾರಿಬಿಡುತ್ತಿತ್ತು. ಆಶಾನ್ ನನ್ನಿಂದ ಒದ್ದೆ ಗೋಣಿ ಹಿಂಡಿಸಿದರು. ಪೇಂಟಿನ ಬಕೆಟುಗಳಲ್ಲಿ ನೀರು ತುಂಬಿಸಿ ಗಿರಣಿಯವರೆಗೆ ನಡೆಸಿದರು. ಸಲಾಕೆಯಿಂದ ಬಾವಲಿಯಂತೆ ನೇತಾಡಿಸಿದರು. ಅಂಗೈಗೆ ಉಜ್ಜುವ ಬಿಳಿ ಪುಡಿಯನ್ನು ಮೂಲೆಯ ಡಬ್ಬಿಯಲ್ಲಿ ಇಟ್ಟಿದ್ದರು. ಉಜ್ಜಿಕೊಂಡು ಬಂದು ಎತ್ತಿದರೂ ಅಷ್ಟೇ. ಅವರು ಯಾವಾಗಲೂ ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂತು ನನ್ನ ಬೆನ್ನನ್ನೇ ನೋಡುತ್ತಿದ್ದವರು. "ಎಂತ ಮಾರಾಯ್ರೆ ಇದು?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಕೊನೆಗೆ, ಎದುರು ಜನ ಇದ್ದರೆ ಕೈ ಬಿಗಿಯಾಗುತ್ತದೆಂದು ನನ್ನ ಹೆಸರನ್ನು ಜಿಲ್ಲಾ ಸ್ಪರ್ಧೆಗೆ ಕೊಟ್ಟುಬಿಟ್ಟರು. ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದಷ್ಟೇ ಸ್ಪರ್ಧೆ, ಮೂರು ಅವಕಾಶ.

ಆ ದಿನ ಬೆಳಿಗ್ಗೆ ಅಮ್ಮ ಎಂದಿನಂತೆ ನನ್ನನ್ನು ಮಂಚದ ಕೆಳಗೆ ಕೂರಿಸಿಕೊಂಡು ತಲೆಗೆ ತೆಂಗಿನೆಣ್ಣೆ ಹಚ್ಚಿ ಬಾಚಿದಳು. ಕಾಲು ಹೋದ ಮೇಲೆ ಈ ಮನೆಯಲ್ಲಿ ಅವಳು ಮಾಡುವ ಕೆಲಸ ಇದೊಂದೇ, ಒಂದು ದಿನವೂ ತಪ್ಪಿಸಿದವಳಲ್ಲ. "ಇವತ್ತು ಸ್ವಲ್ಪ ಜಾಸ್ತಿ ಹಾಕ್ತೇನೆ, ತಲೆ ತಂಪಿರಲಿ," ಎಂದಳು.

ಕಾಸರಗೋಡಿನ ಸಭಾಂಗಣದಲ್ಲಿ ನನ್ನ ಬೆಲ್ಟನ್ನು ಟೇಪು ಹಿಡಿದು ಅಳೆದು ಒಪ್ಪಿದರು. ಸ್ಟ್ರ್ಯಾಪು ಸ್ಪರ್ಧೆಯಲ್ಲಿ ಯಾರಿಗೂ ಇಲ್ಲ. ಬೇರೆಯವರು ಕಡಿಮೆಯಿಂದ ಶುರು ಮಾಡಿ ಏರಿಸುತ್ತಾರೆ. ಆಶಾನ್ ಮೂರು ಸಲಕ್ಕೂ ತೊಂಬತ್ತೇ ಬರೆಸಿದರು. "ನಮಗೆ ಬೇಕಾದ್ದು ಅದೊಂದೇ ಅಲ್ವಾ?" ಮೊದಲ ಸಲ ಎತ್ತಿದೆ, ಮಂಡಿಗೆ ಬಂತು, ಜಾರಿತು. ಎರಡನೇ ಸಲ ತೊಡೆಯವರೆಗೆ ಬಂತು, ಜಾರಿತು. ವೇದಿಕೆಯಿಂದ ಇಳಿಯುವಾಗ ನನಗೆ ಬಚ್ಚಲಿನ ಒದ್ದೆ ನೆಲವೇ ಕಣ್ಣೆದುರು ಬಂತು. ಇಷ್ಟು ಮಾಡಿಯೂ ಅಮ್ಮ ಅಲ್ಲೇ ಕೂತಿರಬೇಕಾಗುತ್ತದೆ ಎಂದು ಅನಿಸಿತು.

ಆದರೆ ಆ ದಿನ ತರಬೇತುದಾರರನ್ನು ಪಕ್ಕದಲ್ಲಿ ನಿಲ್ಲಲು ಬಿಡದೆ ಎದುರಿನ ಕುರ್ಚಿಯಲ್ಲಿ ಕೂರಿಸಿದ್ದರು. ಆಶಾನ್ ಮೊದಲ ಬಾರಿಗೆ ನನ್ನನ್ನು ಮುಂದಿನಿಂದ ನೋಡಿದ್ದರು. ಎದ್ದು ಬಂದವರೇ ನನ್ನ ಬಲಗೈ ಹಿಡಿದು, ಅಷ್ಟು ಜನರೆದುರು, ಅಂಗೈಯನ್ನು ಮೂಗಿಗೆ ಹಿಡಿದು ಮೂಸಿದರು.

"ತೆಂಗಿನೆಣ್ಣೆ!"

"ಎಂತ?"

"ಪುಡಿ ಉಜ್ಜಿದ ಮೇಲೆ ನೀವು ಎರಡೂ ಕೈಯಲ್ಲಿ ತಲೆ ಸವರ್ತೀರಿ ಟೀಚರೇ! ಎರಡು ಸಲವೂ ಸವರಿದಿರಿ!"

ನಿಜ. ಹೆದರಿಕೆಯಾದರೆ ನನ್ನ ಕೈ ತಾನಾಗಿ ತಲೆಗೆ ಹೋಗುತ್ತದೆ. ಶಾಲೆಗೆ ಮೇಲಧಿಕಾರಿ ಬಂದಾಗಲೂ ಅದೇ. ಭಾರ ಹೆಚ್ಚಿದಂತೆ ಹೆದರಿಕೆ, ಹೆದರಿಕೆಗೆ ತಲೆ ಸವರುವುದು, ಸವರಿದ ಕೈಗೆ ಅಮ್ಮ ಹಚ್ಚಿದ ಎಣ್ಣೆ. ತಿಂಗಳುಗಟ್ಟಲೆ ಗೋಣಿ ಹಿಂಡಿದ್ದೆಲ್ಲ ಈ ಎಣ್ಣೆಗೆ! ಆಶಾನ್ ನೆಲದಲ್ಲೇ ಕೂತು ನಕ್ಕರು, ಬೈರಾಸಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನನಗೂ ತಡೆಯಲಾಗಲಿಲ್ಲ. ಆಮೇಲೆ ನಲ್ಲಿಯ ಹತ್ತಿರ ಕರೆದೊಯ್ದು ಸಾಬೂನಿನಿಂದ ಎರಡೆರಡು ಸಲ ಕೈ ತೊಳೆಸಿದರು, ಪುಡಿ ಉಜ್ಜಿಸಿದರು. ಮತ್ತೆ ನನ್ನ ಹೆಸರು ಕರೆಯುವವರೆಗೂ ಎರಡೂ ಮಣಿಕಟ್ಟುಗಳನ್ನು ಗಟ್ಟಿಯಾಗಿ ಹಿಡಿದು ನಿಂತರು, ಜಾತ್ರೆಯಲ್ಲಿ ತಪ್ಪಿಸಿಕೊಳ್ಳುವ ಮಗುವನ್ನು ಹಿಡಿದ ಹಾಗೆ.

ಮೂರನೇ ಸಲ ಬಾರ್ಬೆಲ್ ನನ್ನ ಕೈಗೆ ಅಂಟಿಕೊಂಡೇ ಬಂತು. ನೆಟ್ಟಗೆ ನಿಂತೆ. ಇಳಿಸು ಎಂದು ಹೇಳಿದ ಮೇಲೂ ಒಂದು ಗಳಿಗೆ ಹಾಗೇ ನಿಂತಿದ್ದೆ, ಬಿಡಲು ಮನಸ್ಸೇ ಬರಲಿಲ್ಲ. ಇಳಿಸಿದಾಗ ತೀರ್ಪುಗಾರರ ಮೂರೂ ದೀಪ ಬಿಳಿ, ಎಂದರೆ ಪಾಸು. ನನ್ನ ವಯಸ್ಸಿನವರು ಇದ್ದದ್ದೇ ಮೂವರು, ನಾನು ಮೂರನೆಯವಳು. ಕಂಚಿನ ಪದಕವನ್ನು ಬಸ್ಸಿನಲ್ಲಿ ಊರಿನವರೆಗೂ ಕುತ್ತಿಗೆಯಿಂದ ತೆಗೆಯಲಿಲ್ಲ.

ಇಳಿಯುವಾಗ ಆಶಾನ್ ಹೇಳಿದರು: "ಎಣ್ಣೆಯ ಸುದ್ದಿ ಅಮ್ಮನಿಗೆ ಹೇಳುದು ಬೇಡ. ಎಣ್ಣೆ ಬಿಡುದೂ ಬೇಡ. ಅವರು ಹಚ್ಚಲಿ. ನೀವು ಕೈ ಮೇಲೆ ಕೊಂಡೋಗುದನ್ನು ಬಿಟ್ಟರೆ ಸಾಕು."

ನನ್ನ ತಿಂಗಳುಗಟ್ಟಲೆಯ ಶ್ರಮ ಹಾಳು ಮಾಡಿದ ಎಣ್ಣೆಯ ಬಗ್ಗೆ ಹೀಗೆ ಹೇಳಿದ ಮನುಷ್ಯ ಅವರು.

ಮರುವರ್ಷ ಅವರ ಮಂಡಿ ಕೈಕೊಟ್ಟಿತು. ಜಿಮ್ಮಿನ ಬೀಗದ ಕೈಯನ್ನು ಶಿಷ್ಯರಿಗೆ ಕೊಟ್ಟು ಅಡೂರಿನಲ್ಲಿ ಮಗಳ ಮನೆಗೆ ಹೋದರು. ಗೋಡೆಯ ಮೇಲಿನ ೯೦ ಇನ್ನೂ ಉಂಟು. ಸುಣ್ಣ ಬಳಿಯುವಾಗ ಅದೊಂದು ಜಾಗ ಬಿಡಲು ನಾನೇ ಕಾವಲು ನಿಂತಿದ್ದೆ.

ಮೊನ್ನೆ ಭಾನುವಾರ ಅಮ್ಮ ಮತ್ತೆ ಜಾರಿದಳು. ಈ ಸಲ ಮಂಚದಿಂದ. ಪೆಟ್ಟಾಗಿರಲಿಲ್ಲ. ಹೆದರಿ ನನ್ನ ಕೈ ತಲೆಯ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ನಿಲ್ಲಿಸಿದೆ. ಅವಳ ಬೆನ್ನ ಹಿಂದೆ ಕೂತು, ಕಂಕುಳ ಕೆಳಗಿಂದ ಕೈ ತೂರಿಸಿ, ಎದುರಲ್ಲಿ ನನ್ನದೇ ಮಣಿಕಟ್ಟು ಹಿಡಿದೆ. ಹೊಟ್ಟೆಗೆ ಉಸಿರು ತುಂಬಿ ಎದ್ದೆ. ಅಮ್ಮ ಎದ್ದು ಬಂದಳು, ಮಂಚಕ್ಕಿಂತ ಒಂದು ಗೇಣು ಮೇಲೆಯೇ.

"ಇಳಿಸು ಮಾರಾಯ್ತಿ, ಮೇಲೆ ಎಲ್ಲಿಗೆ ಕೊಂಡೋಗ್ತಿ?" ಎಂದಳು. ಕೂರಿಸಿದ ಮೇಲೆ ನನ್ನ ಅಂಗೈ ತಿರುಗಿಸಿ ಸವರಿ, "ಎಂತ ದೊರಗು ಕೈ!" ಎಂದು ಎಣ್ಣೆಯ ಕುಪ್ಪಿಗೆ ಕೈ ಚಾಚಿದಳು.

ತಲೆ ಬಾಚಿಸಿಕೊಂಡು ಆದ ಕೂಡಲೇ ಆಶಾನರಿಗೆ ಫೋನು ಮಾಡಿದೆ. ಪೂರ್ತಿ ಕೇಳಿದರು.

"ಬೆಲ್ಟು ಇತ್ತಾ?"

"ಇಲ್ಲ. ಸೆರಗು ಸಿಕ್ಕಿಸಿಕೊಂಡಿದ್ದೆ."

"ಕೈ ಜಾರಿತಾ?"

"ಇಲ್ಲ ಆಶಾನ್."

ಆಚೆ ಅವರು ಫೋನನ್ನು ಎಲ್ಲೋ ಕೆಳಗಿಟ್ಟ ಹಾಗಾಯಿತು. ಆಮೇಲೆ ಟಕ್ಕೆಂದು ಒಂದು ಸದ್ದು. ಗುರುತು ಸಿಗದೇ ಇರುತ್ತದೆಯೇ? ನಮಸ್ಕಾರ ಮಾಡಬೇಕಾದವಳು ನಾನು, ಮಾಡುತ್ತಿರುವವರು ಅವರು. ನಾನೂ ಫೋನನ್ನು ಮಂಚದ ಮೇಲಿಟ್ಟು, ತೋಳು ಅಗಲಿಸಿ, ಎರಡೂ ಕೈ ಜೋಡಿಸಿದೆ. ಅವರಷ್ಟು ಜೋರಾಗಿ ಅಲ್ಲ, ಆದರೆ ಅಮ್ಮ ತಿರುಗಿ ನೋಡುವಷ್ಟು ಸದ್ದಾಯಿತು.